ನಡುರಾತ್ರಿಯ ಸಕ್ಕರೆ ಡಬ್ಬಿ

ಗುಟ್ಟನ್ನು ಮೊದಲು ಬಯಲು ಮಾಡಿದವು ಇರುವೆಗಳು.

ಬೆಂಗಳೂರಿನ ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿರುವ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅಜ್ಜಿ. ಒಂದು ದಿನ ಬೆಳಗಿನ ಜಾವ ಅವರು ದೇವರ ಮನೆಯ ಮುಂದೆ ರಂಗೋಲಿಯೆಳೆಯಲು ಬಗ್ಗಿದಾಗ, ಅವರು ಎಳೆಯದ ಗೆರೆಯೊಂದು ಆಗಲೇ ನೆಲದ ಮೇಲೆ ಇದ್ದಿತು. ಇರುವೆಗಳ ಸಾಲು. ಅದು ಅಡಿಗೆಮನೆಯ ಹೊಸ್ತಿಲಿನಿಂದ ಹೊರಟು, ನಡುಮನೆಯ ಗೋಡೆಯಂಚನ್ನು ಹಿಡಿದು, ಮೊಮ್ಮಗ ಮಲಗುವ ಕೋಣೆಯನ್ನು ಹೊಕ್ಕು, ಮಂಚದ ಕಾಲನ್ನು ಹತ್ತಿ ದಿಂಬಿನ ಕೆಳಗೆ ಮಾಯವಾಗಿದ್ದಿತು. ಅಜ್ಜಿ ದಿಂಬಿನ ತುದಿಯನ್ನು ಮೆಲ್ಲನೆ ಎತ್ತಿ ನೋಡಿದರು. ಗಣಿತದ ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಸುತ್ತಿಟ್ಟ ಅರ್ಧ ಅಚ್ಚು ಬೆಲ್ಲ. ಅದರ ಪಕ್ಕದಲ್ಲಿ ಸಕ್ಕರೆ ಮೆತ್ತಿಕೊಂಡ ಒಂದು ಚಮಚ. ಹುಡುಗ ಗಾಢ ನಿದ್ರೆಯಲ್ಲಿದ್ದನು. ಅವನ ಕೆನ್ನೆಯ ಮೇಲೆ ಒಂದೆರಡು ಇರುವೆ ಹರಿದಾಡುತ್ತಿದ್ದವು. ಅಜ್ಜಿ ಅವನ್ನು ಸೆರಗಿನಿಂದ ಕೊಡವಿ, ಬೆಲ್ಲವನ್ನು ಎತ್ತಿಕೊಂಡು ಹೋಗಿ, ಯಾರಿಗೂ ಹೇಳದೆ ಸುಮ್ಮನಾದರು.

ಮೂರನೆಯ ದಿನ ತಾಯಿಗೆ ತಿಳಿಯಿತು. ಶುಕ್ರವಾರದ ಪಾಯಸಕ್ಕೆಂದು ಡಬ್ಬಿ ತೆಗೆದರೆ, ತಿಂಗಳ ಮೊದಲ ವಾರದಲ್ಲಿ ತುಂಬಿಸಿದ್ದ ಸಕ್ಕರೆ ತಳ ಕಂಡಿತ್ತು. ಹಾರ್ಲಿಕ್ಸ್ ಸೀಸೆಯೂ ಬರಿದು. ಅತಿಥಿಗಳಿಗೆಂದು ಎತ್ತಿಟ್ಟಿದ್ದ ರವೆಯುಂಡೆಗಳ ಜಾಗದಲ್ಲಿ ಒಣದ್ರಾಕ್ಷಿಯ ಒಂದು ತೊಟ್ಟು ಮಾತ್ರ ಉಳಿದಿತ್ತು. ಅಂದು ಸಂಜೆ ತಂದೆ ಬ್ಯಾಂಕಿನಿಂದ ಬಂದು ಕಾಫಿ ಕುಡಿಯುವುದರೊಳಗಾಗಿ ಆ ಮನೆಯಲ್ಲಿ ಒಂದು ಶಬ್ದ ಹುಟ್ಟಿಕೊಂಡಿತು: ಕಳ್ಳ.

ವಿಚಿತ್ರವೆಂದರೆ, ಕದ್ದು ತಿನ್ನುವ ಮಗುವಿಗೆ ನಮ್ಮ ಮನೆಗಳಲ್ಲಿ ಒಂದು ಕಡೆ ಪೂಜೆ, ಇನ್ನೊಂದು ಕಡೆ ಪೆಟ್ಟು. ಬೆಣ್ಣೆ ಕದ್ದ ಗೋಪಾಲನನ್ನು ದಾಸರು ಎಷ್ಟು ಪದಗಳಲ್ಲಿ ಮುದ್ದಾಡಿದ್ದಾರೆಂದು ಲೆಕ್ಕವಿಡುವುದೇ ಕಷ್ಟ. ಆ ಅಜ್ಜಿಗೇ ಅವುಗಳಲ್ಲಿ ಹತ್ತಾರು ಬಾಯಿಪಾಠ. ಇನ್ನು ಬಸುರಿ ಹೆಂಗಸಿಗೆ ಹುಳಿಯ ಮೇಲೋ ಸಿಹಿಯ ಮೇಲೋ ಮನಸ್ಸು ಹರಿದರೆ ಅದು ಬಯಕೆ. ಅದಕ್ಕೊಂದು ಊಟ, ಹಸಿರು ಬಳೆ, ಮಡಿಲು ತುಂಬುವ ಮುತ್ತೈದೆಯರು. ಕಾಯಿಲೆಯ ಹುಡುಗನಿಗೆ ಅದೇ ಮನಸ್ಸಾದರೆ ಅದಕ್ಕೆ ಬಾಯಿಚಪಲ, ಹೊಟ್ಟೆಬಾಕತನ ಎಂಬ ಹೆಸರು. ಯಾರ ಹಸಿವಿಗೆ ಮರ್ಯಾದೆ, ಯಾರ ಹಸಿವಿಗೆ ಬೈಗುಳ ಎಂಬುದನ್ನು ಭಾಷೆಯೇ ಮುಂಚಿತವಾಗಿ ಗೊತ್ತುಮಾಡಿಬಿಟ್ಟಿರುತ್ತದೆ.

ಹುಡುಗನಿಗೆ ಹನ್ನೆರಡು ವರ್ಷ. ಕಾಯಿಲೆ ಆರಂಭವಾಗಿ ಒಂದೂವರೆ ವರ್ಷ ಕಳೆದಿತ್ತು. ಮೊದಲಿಗೆ ಅದು ಕಾಯಿಲೆಯೆಂದು ಯಾರಿಗೂ ತೋರಿರಲಿಲ್ಲ. ಕೆಲವು ವಾರ ಅವನು ರಾತ್ರಿ ಒಂದು ಗಂಟೆಯಾದರೂ ಮಲಗುತ್ತಿರಲಿಲ್ಲ. ಮಾತಿನ ಮೇಲೆ ಮಾತು, ನಗುವಿನ ಮೇಲೆ ನಗು. ಅಡ್ಡಿಪಡಿಸಿದರೆ ಕಣ್ಣು ಕೆಂಪಾಗುವಷ್ಟು ಕೋಪ. ತಾನು ಶಾಲೆಗೆಲ್ಲ ಹೊಸ ಪಠ್ಯಪುಸ್ತಕ ಬರೆಯುತ್ತೇನೆಂದು ನಾಲ್ಕು ರಾತ್ರಿಗಳಲ್ಲಿ ಮೂರು ನೋಟ್‌ಬುಕ್ಕುಗಳನ್ನು ತುಂಬಿಸಿದ್ದನು. ಅದಾದ ಮೇಲೆ ಇದ್ದಕ್ಕಿದ್ದಂತೆ ಬತ್ತಿ ಇಳಿಸಿದ ದೀಪದಂತಾದನು. ಗೋಡೆಯ ಕಡೆಗೆ ಮುಖಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. "ನಾನು ಇಲ್ಲದೇ ಇದ್ದಿದ್ರೆ ನಿಮಗೆಲ್ಲ ಚೆನ್ನಾಗಿರ್ತಿತ್ತು ಅಲ್ವಾ ಅಮ್ಮ?" ಎಂದು ಒಂದು ಮಧ್ಯಾಹ್ನ ಕೇಳಿದಾಗಲೇ ತಾಯಿ ಎದೆಯೊಡೆದು, ಯಾರನ್ನೂ ಕೇಳದೆ ಆಟೋ ಹತ್ತಿ ಅವನನ್ನು ಮನೋವೈದ್ಯರ ಬಳಿಗೆ ಕರೆದೊಯ್ದದ್ದು.

ಏರುವುದೂ ಇಳಿಯುವುದೂ ಆಗಿ ಬರುವ ಈ ಬಗೆಯ ಮನೋರೋಗವನ್ನು ಇಂದು ವೈದ್ಯರು ಬೈಪೋಲಾರ್ ಎಂದು ಕರೆಯುತ್ತಾರೆ. ಮಕ್ಕಳಲ್ಲಿ ಇದನ್ನು ಗುರುತಿಸುವುದು ಸುಲಭವಲ್ಲ. ಅಮೆರಿಕೆಯಲ್ಲಿ 1994ರಿಂದ 2003ರವರೆಗಿನ ಅವಧಿಯಲ್ಲಿ ಈ ರೋಗದ ಹೆಸರಿನಲ್ಲಿ ವೈದ್ಯರನ್ನು ಕಂಡ ಎಳೆಯರ ಭೇಟಿಗಳು ಸುಮಾರು ನಲವತ್ತು ಪಟ್ಟು ಹೆಚ್ಚಿದುವು. ಸಿಡುಕಿನ ಮಕ್ಕಳಿಗೆಲ್ಲ ಒಂದೇ ಚೀಟಿ ಅಂಟಿಸುತ್ತಿದ್ದಾರೆಂಬ ಆಕ್ಷೇಪ ಎದ್ದು, 2013ರಲ್ಲಿ ಅಲ್ಲಿಯ ವೈದ್ಯರು ಸದಾಕಾಲ ಸಿಡುಕುವ ಮಕ್ಕಳಿಗಾಗಿ ಬೇರೆಯೇ ಒಂದು ರೋಗನಾಮವನ್ನು ಗೊತ್ತುಮಾಡಬೇಕಾಯಿತು. ಆದುದರಿಂದಲೇ ಈ ಹುಡುಗನನ್ನು ನೋಡಿದ ವೈದ್ಯೆ ಅವಸರಪಡಲಿಲ್ಲ. ಮೂರು ತಿಂಗಳು ನೋಡಿ, ವಂಶದ ವಿಚಾರ ಕೇಳಿ, ಆಮೇಲೆ ರೋಗದ ಹೆಸರು ಹೇಳಿದರು. ವಂಶದ ವಿಚಾರ ಬಂದಾಗ ಅಜ್ಜಿ, ಯೌವನದಲ್ಲಿಯೇ ಮನೆಬಿಟ್ಟು ಹೋಗಿ ಮರಳಿ ಬಾರದ ತಮ್ಮ ತಮ್ಮನನ್ನು ನೆನೆದು ಕಣ್ಣೊರಸಿಕೊಂಡರು. ಆ ಹೆಸರನ್ನು ಮನೆಯವರು ನೆರೆಹೊರೆಗೆ ತಿಳಿಸಲಿಲ್ಲ. ಮದುವೆಗೆ ಬೆಳೆಯುತ್ತಿರುವ ಅಕ್ಕನೊಬ್ಬಳು ಇದ್ದಳಲ್ಲ!

ಔಷಧಿ ಹಿಡಿಯಿತು. ಎರಡು ತಿಂಗಳಲ್ಲಿ ಹುಡುಗ ಶಾಲೆಗೆ ಹೋದನು, ಅಕ್ಕನೊಡನೆ ಕೇರಂ ಆಡಿದನು. ಅದರ ಬೆನ್ನಿಗೇ ಬಂದಿತು ಈ ರಾತ್ರಿಯ ಹಸಿವು. ಬೆಳಿಗ್ಗೆ ಇಡ್ಲಿಯ ತಟ್ಟೆ ಕಂಡರೆ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ಶಾಲೆಯ ಡಬ್ಬಿ ಅರ್ಧ ಉಳಿದು ಬರುತ್ತಿತ್ತು. ಸಂಜೆ ಐದರ ಮೇಲೆ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ರಾತ್ರಿಯೂಟ ಮುಗಿಸಿ ಮಲಗಿದವನು ಎರಡು ಗಂಟೆಗೆ ಎದ್ದು ಅಡಿಗೆಮನೆಗೆ ನಡೆಯುತ್ತಿದ್ದನು. ನಾಲ್ಕು ತಿಂಗಳಲ್ಲಿ ಮೂವತ್ತನಾಲ್ಕು ಕಿಲೋ ಇದ್ದ ಮೈ ನಲವತ್ತಮೂರಾಯಿತು. ಶಾಲೆಯ ಹುಡುಗರು ಅವನಿಗೊಂದು ಅಡ್ಡಹೆಸರು ಇಟ್ಟರು. ಅದನ್ನು ಇಲ್ಲಿ ಬರೆಯುವುದು ಬೇಡ.

ಮನೆಯ ಒಬ್ಬೊಬ್ಬರೂ ಒಂದೊಂದು ಕಾರಣ ಕಂಡುಹಿಡಿದರು. ಹೊಟ್ಟೆಯಲ್ಲಿ ಜಂತುಹುಳು ಸೇರಿದೆಯೆಂದು ಅಜ್ಜಿ. ಶಿಸ್ತಿಲ್ಲದ್ದೇ ಕಾರಣವೆಂದು ತಂದೆ. ಮೂರನೆಯ ಅಭಿಪ್ರಾಯ ಎದುರುಮನೆಯಿಂದ ಬಂದಿತು. ಕಾಯಿಲೆಯ ವಿಷಯ ತಿಳಿಯದಿದ್ದರೂ ಹುಡುಗನ ಕೂಗಾಟವನ್ನು ಕೇಳುತ್ತಿದ್ದ ಆಕೆ, "ಸಕ್ಕರೆ ತಿಂದ ಮಕ್ಕಳು ಹೀಗೆಯೇ ರೀ ಕುಣಿಯೋದು. ಸಕ್ಕರೆ ನಿಲ್ಲಿಸಿ ನೋಡಿ, ಎಲ್ಲಾ ಸರಿಹೋಗತ್ತೆ" ಎಂದರು. ಮುಳುಗುವ ತಾಯಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು. ಹಾಗಾದರೆ ಕಾಯಿಲೆಯೇ ಸಕ್ಕರೆಯಿಂದಲೋ ಏನೋ! ಅಂದಿನಿಂದ ಆಕೆ ಮಗನ ಮುಖವನ್ನೇ ಕಾಯತೊಡಗಿದರು. ಡಬ್ಬಿಯಲ್ಲಿ ಸಕ್ಕರೆ ಇಳಿದ ದಿನ ಅವನ ಕೋಪ ಇಮ್ಮಡಿಯಾಗಿ ಕಾಣಿಸುತ್ತಿತ್ತು. ಇಳಿಯದ ದಿನ ಅವನು ಬಾಗಿಲನ್ನು ಧಡಾರನೆ ಹಾಕಿಕೊಂಡರೂ ಅದು ಗಾಳಿಯ ಸದ್ದಾಗುತ್ತಿತ್ತು.

ಗಾಂಧಿಬಜಾರಿನಿಂದ ತಂದೆ ಒಂದು ಹಿತ್ತಾಳೆಯ ಬೀಗವನ್ನು ತಂದರು. ಸಕ್ಕರೆ, ಬೆಲ್ಲ, ಬಿಸ್ಕತ್ತು, ಜೇನುತುಪ್ಪ, ಕೊನೆಗೆ ದೇವರ ಮುಂದಿನ ಕಲ್ಲುಸಕ್ಕರೆ ಕೂಡ ಅಡಿಗೆಮನೆಯ ಗೋಡೆಬೀರುವನ್ನು ಸೇರಿದುವು. ಬೀಗದ ಕೈ ತಾಯಿಯ ಸೊಂಟಕ್ಕೆ ಬಂದಿತು. ಹುಡುಗನ ಎದುರಿಗೇ ಇದೆಲ್ಲ ನಡೆಯಿತು. ಅವನು ಒಂದು ಮಾತನ್ನೂ ಆಡಲಿಲ್ಲ. ಕಿವಿಯ ತುದಿಗಳು ಮಾತ್ರ ಕೆಂಪಾದವು.

ಬೀಗ ಹಾಕಿದ ಹತ್ತನೆಯ ರಾತ್ರಿ ಮುಂಬಾಗಿಲು ತೆರೆದೇ ಇತ್ತು.

ತಾಯಿಗೆ ಎಚ್ಚರವಾದಾಗ ಮೂರೂವರೆ ಗಂಟೆ. ಮಗನ ಹಾಸಿಗೆ ಖಾಲಿ. ಚಪ್ಪಲಿಯಿರಲಿಲ್ಲ. ತಂದೆ ಒಂದು ದಿಕ್ಕಿಗೆ, ಅಕ್ಕ ಇನ್ನೊಂದು ದಿಕ್ಕಿಗೆ ಓಡಿದರು. ಬೀದಿದೀಪದ ಕೆಳಗೆ ನಾಯಿಗಳಲ್ಲದೆ ಬೇರೆ ಜೀವವಿಲ್ಲ. ಅಜ್ಜಿ ಬಾಗಿಲಲ್ಲಿ ಕುಳಿತು, ಹಿಂದೊಮ್ಮೆ ತಮ್ಮನಿಗಾಗಿ ಕಾದಂತೆಯೇ ಕಾದರು. ನಾಲ್ಕೂಕಾಲಕ್ಕೆ ಹಾಲಿನ ಬೂತಿನವನು ಹುಡುಗನ ಕೈಹಿಡಿದು ನಡೆಸಿಕೊಂಡು ಬಂದನು. ಬೇಕರಿಯ ಮುಚ್ಚಿದ ಕದದ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದನಂತೆ. ಯಾಕಪ್ಪಾ ಎಂದರೆ, "ಆರು ಗಂಟೆಗೆ ತೆಗೀತಾರೆ, ಕಾಯ್ತಾ ಇದೀನಿ" ಎಂದನಂತೆ. ಅಂಗಿಯ ಜೇಬಿನಲ್ಲಿ ಅವನದೇ ಹುಂಡಿ ಒಡೆದ ಚಿಲ್ಲರೆ ಹಣ. ಲೆಕ್ಕಮಾಡಿ ಇಪ್ಪತ್ತಾರು ರೂಪಾಯಿ. ಕಳ್ಳನೆನಿಸಿಕೊಂಡ ಹುಡುಗ ಸ್ವಂತ ಹಣದಿಂದ ಸಿಹಿ ಕೊಳ್ಳಲು ಹೊರಟಿದ್ದನು.

ಬೆಳಗಾಗುವವರೆಗೆ ಏನು ಮಾಡಬೇಕೆಂದು ದೊಡ್ಡವರಿಗೆ ತೋರಲಿಲ್ಲ. ಪಿಯುಸಿ ಓದುವ ಅಕ್ಕನಿಗೆ ತೋರಿತು. ಕಾಲೇಜಿನ ಗೋಡೆಯ ಮೇಲೆ ಅಂಟಿಸಿದ್ದ 14416 ಎಂಬ ಸಂಖ್ಯೆ ಅವಳಿಗೆ ನೆನಪಿತ್ತು. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸಹಾಯ ಅದು. ಹಗಲೂ ರಾತ್ರಿಯೂ ಅಲ್ಲಿ ಕನ್ನಡದಲ್ಲಿ ಮಾತನಾಡುವವರು ದೊರೆಯುತ್ತಾರೆ. ಆ ಕಡೆಯ ದನಿ, ಹುಡುಗನನ್ನು ಈಗ ಬೈಯಬೇಡಿ, ಒಬ್ಬನೇ ಇರಲು ಬಿಡಬೇಡಿ, ಬೆಳಿಗ್ಗೆಯೇ ಅವನ ವೈದ್ಯರಿಗೆ ತೋರಿಸಿ, ಮಾತ್ರೆಗಳನ್ನೆಲ್ಲ ಜೊತೆಗೆ ಕೊಂಡೊಯ್ಯಿರಿ ಎಂದಿತು. ಆ ಕೊನೆಯ ಮಾತು ಕೇಳಿ ತಂದೆಯ ಮುಖ ಬಿಳಿಚಿಕೊಂಡಿತು.

ವೈದ್ಯೆ ಮೊದಲು ಹುಡುಗನೊಡನೆಯೇ ಮಾತನಾಡಿದರು.

"ರಾತ್ರಿ ತಿಂದದ್ದು ಬೆಳಿಗ್ಗೆ ನೆನಪಿರತ್ತೇನಪ್ಪಾ?"

"ಎಲ್ಲಾ ನೆನಪಿರತ್ತೆ. ಅದೇ ಕಷ್ಟ."

"ಹಸಿವಾಗಿ ಎಚ್ಚರ ಆಗತ್ತೋ, ಎಚ್ಚರ ಆದಮೇಲೆ ಹಸಿವಾಗತ್ತೋ?"

ಹುಡುಗ ಬಹಳ ಹೊತ್ತು ಯೋಚಿಸಿದನು. "ಎಚ್ಚರ ಆಗತ್ತೆ. ತಲೆಯೊಳಗೆ ಮಾತು ಶುರುವಾಗತ್ತೆ. ಸಿಹಿ ತಿಂದ್ರೆ ಸ್ವಲ್ಪ ಹೊತ್ತು ನಿಲ್ಲತ್ತೆ. ಆಮೇಲೆ ನಿದ್ದೆ ಬರತ್ತೆ."

ತಾಯಿ ಈ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಕೇಳಿರಲಿಲ್ಲವೆಂದರೆ, ಯಾರೂ ಅವನನ್ನು ಹಾಗೆ ಪ್ರಶ್ನಿಸಿರಲಿಲ್ಲ.

ನೆನಪಿನ ಪ್ರಶ್ನೆ ಸುಮ್ಮನೆ ಕೇಳಿದುದಲ್ಲ. ನಿದ್ದೆಯಲ್ಲಿಯೇ ಎದ್ದು ನಡೆದು, ಕೈಗೆ ಸಿಕ್ಕಿದುದನ್ನು ತಿಂದು, ಬೆಳಿಗ್ಗೆ ಏನೊಂದೂ ನೆನಪಿಲ್ಲದಿರುವುದು ಬೇರೊಂದು ಕಾಯಿಲೆ. ಕೆಲವು ನಿದ್ದೆಯ ಗುಳಿಗೆಗಳಿಂದಲೂ ಅದು ಬರುವುದುಂಟು. ಅರಿವಿದ್ದೇ ರಾತ್ರಿ ತಿನ್ನುವುದನ್ನು ಮೊದಲು ವಿವರಿಸಿದವರು ಆಲ್ಬರ್ಟ್ ಸ್ಟಂಕರ್ಡ್ ಎಂಬ ಅಮೆರಿಕದ ಮನೋವೈದ್ಯರು, 1955ರಲ್ಲಿ. ಸ್ಥೂಲಕಾಯದ ಕೆಲವು ರೋಗಿಗಳಲ್ಲಿ ಅವರು ಮೂರು ಲಕ್ಷಣಗಳನ್ನು ಒಟ್ಟಿಗೆ ಕಂಡರು: ಬೆಳಿಗ್ಗೆ ಅರುಚಿ, ಸಂಜೆಯ ಮೇಲೆ ಅತಿಯಾದ ತಿನ್ನುವಿಕೆ, ರಾತ್ರಿ ನಿದ್ದೆಗೇಡು. ಮನಸ್ಸಿಗೆ ಕಷ್ಟ ಬಂದ ಕಾಲದಲ್ಲಿ ಇದು ಹೆಚ್ಚುವುದನ್ನೂ ಅವರು ಗಮನಿಸಿದರು. ಅವರು ನೋಡಿದವರು ವಯಸ್ಕರು. ಅದನ್ನು ಹಾಗೆಯೇ ಎತ್ತಿ ಮಗುವಿನ ಮೇಲೆ ಹೊರಿಸಲಾಗದು. ಆದರೂ ಇಡ್ಲಿಯ ಮುಂದೆ ಮುಖ ತಿರುಗಿಸಿ ನಡುರಾತ್ರಿ ಬೆಲ್ಲ ಹುಡುಕುವ ಹುಡುಗನ ತಾಯಿಗೆ ಈ ವಿವರಣೆ ಕೇಳಿ ತನ್ನ ಮನೆಯನ್ನೇ ಕಂಡಂತಾದುದು ಆಶ್ಚರ್ಯವಲ್ಲ. ಮನೋರೋಗಗಳಲ್ಲಿ ಏರುಪೇರಾಗುವುದು ಮನಸ್ಸೊಂದೇ ಅಲ್ಲ. ಒಡಲೊಳಗಿನ ಗಡಿಯಾರವೂ ಕೂಡ. ಅದು ಹಿಂದೆ ಬಿದ್ದರೆ, ಲೋಕಕ್ಕೆ ಬೆಳಗಾದಾಗ ಹೊಟ್ಟೆಗೆ ಇನ್ನೂ ನಡುರಾತ್ರಿ.

ನಿದ್ದೆಗೆಟ್ಟವನಿಗೆ ಸಿಹಿಯೇ ಏಕೆ ಬೇಕಾಗುತ್ತದೆ? 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪರೀಕ್ಷೆ ಇಲ್ಲಿ ಉಪಯುಕ್ತ. ಆರೋಗ್ಯವಂತರಾದ ಹನ್ನೆರಡು ತರುಣರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸ ಅವರಲ್ಲಿ ಶೇಕಡ 18ರಷ್ಟು ಇಳಿಯಿತು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಶೇಕಡ 28ರಷ್ಟು ಏರಿತು. ಅವರು ಬಯಸಿದ್ದು ಸೊಪ್ಪನ್ನಲ್ಲ, ಸಿಹಿತಿಂಡಿ, ಉಪ್ಪುತಿಂಡಿ, ಪಿಷ್ಟದ ಪದಾರ್ಥಗಳನ್ನು. ಎರಡೇ ರಾತ್ರಿಗಳ ನಿದ್ದೆಗೇಡು ಗಟ್ಟಿಮುಟ್ಟಾದ ಪ್ರಾಯದವರನ್ನು ಹೀಗೆ ಮಾಡುವುದಾದರೆ, ತಿಂಗಳುಗಟ್ಟಲೆ ನಿದ್ದೆ ಕೆಟ್ಟ ಎಳೆಯನ ಪಾಡೇನು?

"ಸಿಹಿ ತಿಂದರೆ ತಲೆಯ ಮಾತು ನಿಲ್ಲುತ್ತದೆ" ಎಂದ ಹುಡುಗನ ಮಾತಿಗೂ ವಿದ್ವಾಂಸರಲ್ಲಿ ಒಂದು ವಾದವಿದೆ. ರಿಚರ್ಡ್ ವರ್ಟ್‌ಮನ್ ಮತ್ತು ಜೂಡಿತ್ ವರ್ಟ್‌ಮನ್ ಎಂಬ ವಿಜ್ಞಾನಿ ದಂಪತಿಗಳು 1989ರಲ್ಲಿ ಅದನ್ನು ಜನಸಾಮಾನ್ಯರಿಗೂ ತಿಳಿಯುವಂತೆ ಬರೆದರು. ಪಿಷ್ಟ ಅಥವಾ ಸಕ್ಕರೆ ತಿಂದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದು ಇತರ ಅಮೈನೋ ಆಮ್ಲಗಳನ್ನು ಸ್ನಾಯುಗಳ ಕಡೆಗೆ ತಳ್ಳಿದಾಗ, ಟ್ರಿಪ್ಟೊಫ್ಯಾನ್ ಎಂಬುದಕ್ಕೆ ಮಿದುಳಿನ ಬಾಗಿಲಲ್ಲಿ ನೂಕುನುಗ್ಗಲು ತಪ್ಪಿ ಒಳಗೆ ಸುಲಭ ಪ್ರವೇಶ ದೊರೆಯುತ್ತದೆ. ಅದರಿಂದ ಮನಸ್ಸನ್ನು ಶಾಂತಗೊಳಿಸುವ ಸೆರೊಟೋನಿನ್ ಹೆಚ್ಚುತ್ತದೆ. ಹಾಗಾದರೆ ದುಃಖಿಯು ಸಕ್ಕರೆಯಲ್ಲಿ ಹುಡುಕುವುದು ರುಚಿಯನ್ನಲ್ಲ, ಔಷಧಿಯನ್ನು. ಕೇಳಲು ಬಹು ಸೊಗಸಾದ ವಾದ. ಆದರೆ ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಊಟದಲ್ಲಿ ಸ್ವಲ್ಪ ಪ್ರೋಟೀನು ಬೆರೆತರೂ ಈ ಏರಿಕೆ ಕೈಗೂಡದು ಎಂಬುದೊಂದು ಆಕ್ಷೇಪ, ಸಿಹಿ ಕೊಡುವ ಸುಖವೇ ಸಾಕಷ್ಟು ಕಾರಣವಾಗಿರಬಹುದೆಂಬುದು ಇನ್ನೊಂದು. ಸೊಗಸಾದ ವಾದಗಳ ವಿಷಯದಲ್ಲಿ ಸ್ವಲ್ಪ ಎಚ್ಚರವಾಗಿರುವುದೇ ಲೇಸು. ಹುಡುಗನಿಗೆ ಸಮಾಧಾನವಾಗುತ್ತಿತ್ತೆಂಬುದು ಮಾತ್ರ ವಾದವಲ್ಲ, ಅವನ ಅನುಭವ.

ಎದುರುಮನೆಯಾಕೆಯ ಸಕ್ಕರೆಯ ಸಿದ್ಧಾಂತವನ್ನು ತಾಯಿ ಸಂಕೋಚದಿಂದಲೇ ಮುಂದಿಟ್ಟರು. ವೈದ್ಯೆ ನಗದೆ, 1994ರ ಒಂದು ಪ್ರಯೋಗದ ಕಥೆ ಹೇಳಿದರು. ತಮ್ಮ ಮಕ್ಕಳಿಗೆ ಸಕ್ಕರೆ ಆಗುವುದಿಲ್ಲವೆಂದು ನಂಬಿದ್ದ ತಾಯಂದಿರನ್ನೂ, ಐದರಿಂದ ಏಳು ವರ್ಷದ ಅವರ ಗಂಡುಮಕ್ಕಳನ್ನೂ ಹೂವರ್ ಮತ್ತು ಮಿಲಿಚ್ ಎಂಬ ಮನಶ್ಶಾಸ್ತ್ರಜ್ಞರು ಕರೆಸಿದರು. ಅರ್ಧ ಮಂದಿ ತಾಯಂದಿರಿಗೆ "ನಿಮ್ಮ ಮಗನಿಗೆ ಬೇಕಾದಷ್ಟು ಸಕ್ಕರೆ ಕೊಟ್ಟಿದ್ದೇವೆ" ಎಂದರು. ವಾಸ್ತವವಾಗಿ ಯಾವ ಮಗುವಿಗೂ ಒಂದು ಹರಳು ಸಕ್ಕರೆಯನ್ನೂ ಕೊಟ್ಟಿರಲಿಲ್ಲ. ಎಲ್ಲರಿಗೂ ಕೊಟ್ಟದ್ದು ಸಕ್ಕರೆಯಲ್ಲದ ಕೃತಕ ಸಿಹಿ. ಆದರೂ ಸಕ್ಕರೆಯ ಸುದ್ದಿ ಕೇಳಿದ ತಾಯಂದಿರಿಗೆ ತಮ್ಮ ಮಗ ಮಿತಿಮೀರಿ ಕುಣಿಯುತ್ತಿದ್ದಾನೆಂದೇ ಕಂಡಿತು. ಅವರು ಮಗನ ಬೆನ್ನಿಗೇ ಅಂಟಿಕೊಂಡು ಇತರ ತಾಯಂದಿರಿಗಿಂತ ಹೆಚ್ಚಾಗಿ ಆಕ್ಷೇಪಿಸಿದರು. ಮರುವರ್ಷ ಇಂತಹ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಕ್ಕರೆಯಿಂದ ಮಕ್ಕಳ ನಡತೆ ಕೆಡುತ್ತದೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಈ ಕಥೆ ಕೇಳಿದ ತಾಯಿ ತಲೆತಗ್ಗಿಸಿದರು. ಡಬ್ಬಿಯ ಮಟ್ಟ ನೋಡಿ ಮಗನ ಕೋಪವನ್ನು ಅಳೆದ ದಿನಗಳು ಅವರ ನೆನಪಿಗೆ ಬಂದಿರಬೇಕು.

ಹಾಗೆಂದು ಸಕ್ಕರೆ ನಿರಪರಾಧಿಯೇನೂ ಅಲ್ಲ. ನಡುರಾತ್ರಿ ಬೆಲ್ಲ ತಿಂದು ಬಾಯಿ ತೊಳೆಯದೆ ಮಲಗಿದವನ ಹಲ್ಲುಗಳ ಗತಿ ಹೇಳಬೇಕಾಗಿಲ್ಲ. ಇವನ ಎರಡು ದವಡೆಹಲ್ಲು ಆಗಲೇ ಕಪ್ಪಾಗಿದ್ದವು. ತಾತ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು. ಅದಕ್ಕಿಂತ ಮುಖ್ಯವಾಗಿ, ಹುಡುಗ ನುಂಗುತ್ತಿದ್ದ ಮಾತ್ರೆಯ ಜಾತಿಯವೇ ಹಸಿವನ್ನು ಹೆಚ್ಚಿಸುತ್ತವೆ. ಸಾಕೆಂಬ ಸೂಚನೆ ಮಿದುಳಿಗೆ ಮುಟ್ಟುವ ಹಾದಿಯನ್ನು ಅವು ಮಸುಕು ಮಾಡುತ್ತವೆ. 2009ರಲ್ಲಿ ನ್ಯೂಯಾರ್ಕಿನ ವೈದ್ಯರು, ಈ ಔಷಧಿಗಳನ್ನು ಮೊದಲ ಬಾರಿಗೆ ಆರಂಭಿಸಿದ 272 ಮಂದಿ ಎಳೆಯರನ್ನು ಸುಮಾರು ಹನ್ನೊಂದು ವಾರ ತೂಗಿ ನೋಡಿದರು. ಓಲಾಂಜಪೈನ್ ತೆಗೆದುಕೊಂಡವರು ಸರಾಸರಿ 8.5 ಕಿಲೋ, ಕ್ವೆಟಿಯಾಪೈನ್ 6.1, ರಿಸ್ಪೆರಿಡೋನ್ 5.3, ಅರಿಪಿಪ್ರಜೋಲ್ 4.4 ಕಿಲೋ ಹೆಚ್ಚಿದ್ದರು. ಔಷಧಿಯಿಲ್ಲದವರ ಹೆಚ್ಚಳ 0.2 ಕಿಲೋ ಮಾತ್ರ. ನಾಲಗೆಯ ಶಿಸ್ತಿನಿಂದ ತಡೆಯಬಹುದಾದ ಅಂಕಿಗಳೇ ಇವು?

ಇಲ್ಲಿಗೆ ಬಂದಾಗ ವೈದ್ಯೆ ಮಾತ್ರೆಗಳನ್ನು ಕೇಳಿದರು. ತಂದೆ ಅಂಗಿಯ ಜೇಬಿಗೆ ಕೈಹಾಕಿ ಕಾಗದದ ಒಂದು ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ಹದಿನೈದು ಅರ್ಧ ಮಾತ್ರೆಗಳಿದ್ದವು.

ಆ ಮನೆಯಲ್ಲಿ ಗುಟ್ಟಾಗಿ ನಡೆಯುತ್ತಿದ್ದುದು ಒಂದೇ ಕೆಲಸವಲ್ಲ. ಮಗ ಉಬ್ಬುತ್ತಿರುವುದನ್ನು ನೋಡಲಾರದೆ, ಹೆಂಡತಿಗೂ ಹೇಳದೆ, ತಂದೆ ಎರಡು ವಾರಗಳಿಂದ ದಿನವೂ ಮಾತ್ರೆಯನ್ನು ಮುರಿದು ಅರ್ಧವನ್ನೇ ಕೊಡುತ್ತಿದ್ದರು. ಉಳಿದ ಅರ್ಧವನ್ನು ಎಸೆಯಲು ಬ್ಯಾಂಕಿನ ಲೆಕ್ಕಾಚಾರದ ಮನಸ್ಸು ಒಪ್ಪದೆ ಕೂಡಿಡುತ್ತಿದ್ದರು. "ತಪ್ಪು ಮಾಡಿದೆನೇನು ಡಾಕ್ಟರೇ?" ಎಂದು ಕೇಳುವಾಗ ಅವರ ಧ್ವನಿಯಲ್ಲಿ ಮನೆಯ ಯಜಮಾನನ ಗತ್ತು ಉಳಿದಿರಲಿಲ್ಲ. ನಿದ್ದೆ ಕೆಡತೊಡಗಿದ್ದು, ತಲೆಯೊಳಗಿನ ಮಾತು ಹೆಚ್ಚಿದ್ದು, ಬೇಕರಿಯ ಕದ ಕಾಯಲು ರಾತ್ರಿಯೇ ಹೊರಟದ್ದು, ಇವೆಲ್ಲ ಮಾತ್ರೆ ಕುಗ್ಗಿದ ದಿನಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತಿದ್ದವು. ಹಸಿವು ಮಾತ್ರೆಯಿಂದಲೇ ಬಂದಿರಬಹುದು. ಆದರೆ ಆ ರಾತ್ರಿ ಅವನನ್ನು ಬೀದಿಗೆ ಕಳುಹಿಸಿದ್ದು ಮಾತ್ರೆಯಲ್ಲ, ಅದರ ಅಭಾವ. ವೈದ್ಯೆ ಗದರಿಸಲಿಲ್ಲ. "ತೂಕದ ಚಿಂತೆ ನ್ಯಾಯವಾದದ್ದೇ ಸಾರ್. ನನ್ನ ಹತ್ತಿರ ಜಗಳವಾಡಿ. ಬೇರೆ ಮಾತ್ರೆ ನೋಡೋಣ, ಹೊತ್ತು ಬದಲಾಯಿಸೋಣ. ನೀವಾಗಿ ಮುರಿಯಬೇಡಿ" ಎಂದರು. ಹುಡುಗ ಆ ಪೊಟ್ಟಣವನ್ನೇ ನೋಡುತ್ತಿದ್ದನು. ಅಪ್ಪನೂ ಕಾಗದದಲ್ಲಿ ಸುತ್ತಿ ಬಚ್ಚಿಡುತ್ತಾರೆಂಬುದು ಅವನಿಗೆ ಹೊಸ ಸಂಗತಿಯಾಗಿತ್ತು.

ಅಂದು ಮನೆಗೆ ಬಂದವರೇ ಬೀಗ ತೆಗೆದರು. ಹಾಗೆಂದು ಡಬ್ಬಿಗಳನ್ನು ಎದುರಿಗೆ ಸಾಲಾಗಿ ಜೋಡಿಸಲೂ ಇಲ್ಲ. ಬೀಗಕ್ಕೂ ಮರೆಗೂ ವ್ಯತ್ಯಾಸವಿದೆ. ಮೂರು ಕಿಲೋ ಸಕ್ಕರೆ ತರುತ್ತಿದ್ದ ಮನೆ ಒಂದು ಕಿಲೋ ತಂದಿತು. ಬಿಸ್ಕತ್ತು, ಶರಬತ್ತಿನ ಸೀಸೆಗಳು ಯಾರಿಗೂ ಬೇಡವೆಂದಾಯಿತು. ಇದು ಹುಡುಗನೊಬ್ಬನಿಗೆ ಹಾಕಿದ ಪಥ್ಯವಾಗಿದ್ದರೆ ಶಿಕ್ಷೆಯಾಗುತ್ತಿತ್ತು. ತಂದೆಯೂ ಕಾಫಿಗೆ ಅರ್ಧ ಚಮಚಕ್ಕೆ ಇಳಿದು, ಒಂದು ವಾರ ಎಲ್ಲರ ಮೇಲೂ ಸಿಡಿಮಿಡಿಗೊಂಡರು. ಆಗ ಅಕ್ಕ, "ನೋಡಿ, ಸಕ್ಕರೆ ಬಿಟ್ಟರೂ ಕುಣೀತಾರೆ" ಎಂದು ನಗಿಸಿದಳು.

ಬೆಳಗಿನ ಇಡ್ಲಿಯ ಬಲವಂತ ನಿಂತು, ಒಂದು ಲೋಟ ರಾಗಿ ಅಂಬಲಿಯಿಂದ ದಿನ ಆರಂಭವಾಯಿತು. ಬೆಳಗಿನ ಬಿಸಿಲಿನಲ್ಲಿ ಅಜ್ಜಿಯ ಜೊತೆ ರಾಮಾಂಜನೇಯ ಗುಡ್ಡದವರೆಗೆ ನಡಿಗೆ. ಗಡಿಯಾರ ಹಿಂದೆ ಬಿದ್ದ ಒಡಲಿಗೆ ಬೆಳಗಿನ ಬೆಳಕು ಒಳ್ಳೆಯದೆಂದು ವೈದ್ಯೆ ಹೇಳಿದ್ದರು. ಶಾಲೆಯಿಂದ ಬಂದ ಕೂಡಲೇ ಗಟ್ಟಿಯಾದ ತಿಂಡಿ, ಎಂಟಕ್ಕೆ ಬೇಳೆಕಾಳು ಮುಂದಾದ ಊಟ, ಒಂಬತ್ತರ ಮೇಲೆ ಮೊಬೈಲು ಅಪ್ಪನ ಕೋಣೆಯಲ್ಲಿ, ಅಪ್ಪನದೂ ಸಹ. ವೈದ್ಯೆ ಮಾತ್ರೆಯನ್ನು ನಿಧಾನವಾಗಿ ಬದಲಾಯಿಸಿ, ಮೂರು ತಿಂಗಳಿಗೊಮ್ಮೆ ತೂಕ, ಸೊಂಟದ ಅಳತೆ, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯ ಕ್ರಮ ಹಾಕಿಕೊಟ್ಟರು. ಇಷ್ಟೆಲ್ಲದರಲ್ಲಿ ತಾಯಿಗೆ ಅತ್ಯಂತ ಕಷ್ಟವೆನಿಸಿದ್ದು ಒಂದೇ. ಹುಡುಗನ ಮಂಚದ ಪಕ್ಕದ ಮೇಜಿನ ಮೇಲೆ ಪ್ರತಿ ರಾತ್ರಿ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲವನ್ನು ತಟ್ಟೆಯಲ್ಲಿಟ್ಟು ಮುಚ್ಚಬೇಕು. ಬೆಳಿಗ್ಗೆ ತಟ್ಟೆ ಬರಿದಾಗಿದ್ದರೂ ಮಾತೆತ್ತಬಾರದು. ಕಳ್ಳನೆಂದು ಕರೆದ ಮಗನ ಮುಂದೆ ತಾವೇ ಬೆಲ್ಲವಿಡುವುದೆಂದರೆ! ಮೊದಲ ರಾತ್ರಿ ಆಕೆ ತಟ್ಟೆಯನ್ನು ಇಟ್ಟು, ತಿರುಗಿ ಬಂದು, ಮತ್ತೆ ಹೋಗಿ ಬೆಲ್ಲದ ಚೂರನ್ನು ಸ್ವಲ್ಪ ಚಿಕ್ಕದು ಮಾಡಿದರು.

ಹುಡುಗನಿಗೆ ಒಂದು ನೋಟ್‌ಬುಕ್ಕು ಕೊಡಲಾಯಿತು: ಎಷ್ಟು ಹೊತ್ತಿಗೆ ಎಚ್ಚರವಾಯಿತು, ತಲೆಯೊಳಗೆ ಎಷ್ಟು ಗದ್ದಲ, ಏನು ತಿಂದದ್ದು. ಅದನ್ನು ವೈದ್ಯೆಯಲ್ಲದೆ ಬೇರೆ ಯಾರೂ ತೆರೆಯಬಾರದು. ಗದ್ದಲಕ್ಕೆ ಅವನೇ ಒಂದು ಅಳತೆ ಮಾಡಿಕೊಂಡನು: ಒಂದೆಂದರೆ ಗ್ರಂಥಾಲಯ, ಹತ್ತೆಂದರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು.

ಎಲ್ಲವೂ ನೇರವಾಗಿ ಸರಿಹೋಯಿತೆಂದು ಹೇಳುವಂತಿಲ್ಲ. ಪರೀಕ್ಷೆಯ ವಾರದಲ್ಲಿ ತಟ್ಟೆ ಸಾಲದೆ ಹೋಯಿತು. ಮತ್ತೊಮ್ಮೆ ರವೆಯುಂಡೆಗಳು ಮಾಯವಾದವು. ಅಂದು ತಂದೆಯ ಬಾಯಿಗೆ ಹಳೆಯ ಶಬ್ದ ಬಂದೇ ಬಂದಿತು. ತುಟಿಯವರೆಗೆ ಬಂದುದನ್ನು ಕಾಫಿಯೊಡನೆ ನುಂಗಿದರು. ತೂಕ ಏರುವುದು ನಿಂತಿತೇ ಹೊರತು ಇಳಿಯಲು ಬಹಳ ಕಾಲ ಹಿಡಿಯಿತು. ಅಡ್ಡಹೆಸರಿಟ್ಟ ಹುಡುಗರು ಅದನ್ನು ಮರೆಯಲಿಲ್ಲ. ಆದರೆ ಎರಡು ಗಂಟೆಯ ಎಚ್ಚರ ವಾರಕ್ಕೆ ಏಳು ಸಲವಿದ್ದುದು ಮೂರಕ್ಕೆ, ಕೆಲವು ವಾರ ಒಂದಕ್ಕೆ ಇಳಿಯಿತು.

ಅಂತಹ ಒಂದು ರಾತ್ರಿ ನೀರು ಕುಡಿಯಲು ಎದ್ದ ಅಜ್ಜಿಗೆ ಅಡಿಗೆಮನೆಯಲ್ಲಿ ಬೆಳಕು ಕಂಡಿತು. ಹುಡುಗ ನೆಲದ ಮೇಲೆ ತಟ್ಟೆಯನ್ನಿಟ್ಟುಕೊಂಡು ಕುಳಿತಿದ್ದನು. ಬಚ್ಚಿಡಲು ಹೋಗಲಿಲ್ಲ.

"ಎಷ್ಟೋ ಗದ್ದಲ ಇವತ್ತು?" ಎಂದು ಅಜ್ಜಿ ಕೇಳಿದರು. ಅಳತೆಯ ಗುಟ್ಟನ್ನು ಅವನು ಅವರೊಬ್ಬರಿಗೆ ಮಾತ್ರ ಹೇಳಿದ್ದನು.

"ಆರು ಇತ್ತು ಅಜ್ಜಿ. ಈಗ ನಾಲ್ಕು."

ಅಜ್ಜಿ ಮೊಣಕಾಲನ್ನು ಹಿಡಿದುಕೊಂಡು ಮೆಲ್ಲನೆ ಅವನ ಪಕ್ಕದಲ್ಲಿ ಕುಳಿತರು. ಅವನು ಬಾಳೆಹಣ್ಣನ್ನು ಮುರಿದು ಅರ್ಧವನ್ನು ಅವರ ಕೈಗಿತ್ತನು. ರಾತ್ರಿ ಎರಡು ಗಂಟೆಯಲ್ಲಿ ಎಂದೂ ಏನನ್ನೂ ತಿಂದರಿಯದ ಅಜ್ಜಿ ಅದನ್ನು ತಿಂದರು. ಆಮೇಲೆ ಇಬ್ಬರೂ ಬಾಯಿ ಮುಕ್ಕಳಿಸಿ, ತಟ್ಟೆ ತೊಳೆದು, ಇರುವೆ ಬಾರದಂತೆ ನೆಲವನ್ನು ಒದ್ದೆಬಟ್ಟೆಯಿಂದ ಒರಸಿದರು. ಹಿತ್ತಾಳೆಯ ಬೀಗ ಈಗ ಅಕ್ಕನ ಸೈಕಲ್ಲಿಗಿದೆ.